ಅವಳು ಆಚೆ ತಿರುಗಿ ಹೇಳಿದ್ದು

ಮೊನ್ನೆ ಅಟ್ಟದಿಂದ ಹುಣಸೆಹಣ್ಣು ಇಳಿಸಿಕೊಡಿ ಎಂದು ಹೆಂಡತಿ ಹೇಳಿದಾಗ ಕೈಗೆ ಬಂದದ್ದು ಒಂದು ಹಳೆಯ ಬಟ್ಟೆ ಚೀಲ. ಒಳಗೆ ಹುಣಸೆಯ ಹುಳಿ ವಾಸನೆ, ಹೊರಗೆ ಮಾಸಿದ ನೀಲಿ ತಮಿಳು ಅಕ್ಷರಗಳಲ್ಲಿ ‘ಮಾನವ ಹಕ್ಕುಗಳ ಸಾಕ್ಷ್ಯಚಿತ್ರ ಉತ್ಸವ’, ಅದರ ಕೆಳಗೆ ‘ತೀರ್ಪುಗಾರರು’. ನನಗೆ ಈ ಜನ್ಮದಲ್ಲಿ ದಕ್ಕಿದ ಒಂದೇ ಪದವಿ ಅದು. ಈಗ ಅದರಲ್ಲಿ ಹುಣಸೆಹಣ್ಣು ತುಂಬಿದೆ. ಆಕ್ಷೇಪಿಸೋಣವೆಂದರೆ ಮನೆಯೊಳಗೆ ತೀರ್ಪು ಕೊಡುವ ಅಧಿಕಾರ ನನಗೆ ಯಾವತ್ತೂ ಇರಲಿಲ್ಲ.

ತಮಿಳು ಸೀಮೆಯ ತುಡಿಯಲೂರಿನಲ್ಲಿ ನೂಲಿನ ಅಂಗಡಿ ಇಟ್ಟುಕೊಂಡವನನ್ನು ತೀರ್ಪುಗಾರನಾಗಿ ಯಾರು ಕರೆದರು ಎಂದು ನೀವು ಕೇಳಬಹುದು. ಉತ್ಸವದ ಮೊದಲ ವರ್ಷ ಒಂದು ಚಿತ್ರವನ್ನೂ ಬಿಡದೆ ನೋಡಿದವನು ನಾನೊಬ್ಬನೇ ಇರಬೇಕು. ನನ್ನ ಆಸಕ್ತಿಗೆ ಅರ್ಧ ಕಾರಣ ಸಭಾಂಗಣದ ಫ್ಯಾನುಗಳು ಎಂದು ನಾನು ಯಾರಿಗೂ ಹೇಳಲಿಲ್ಲ. ಮರುವರ್ಷ ಕರೆ ಬಂತು.

ಉತ್ಸವ ನಡೆಯುತ್ತಿದ್ದದ್ದು ಕಲ್ಯಾಣ ಮಂಟಪದಲ್ಲಿ, ಅದೂ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿನಲ್ಲಿ. ಆಡಿಯಲ್ಲಿ ನಮ್ಮ ಕಡೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಮಂಟಪಗಳೆಲ್ಲ ಖಾಲಿ. ಹಸೆಮಣೆಯ ಜಾಗದಲ್ಲಿ ಪರದೆ, ಊಟದ ಮನೆಯಲ್ಲಿ ಚರ್ಚೆ. ತೀರ್ಪುಗಾರರಿಗೆ ಕೊಟ್ಟಿದ್ದು ಮದುಮಗಳ ಕೋಣೆ. ಅಲ್ಲೊಂದು ಆಳುದ್ದದ ಕನ್ನಡಿ, ಅದರ ತುಂಬ ಯಾವ್ಯಾವುದೋ ಮದುಮಗಳಂದಿರು ಅಂಟಿಸಿ ಹೋದ ಬಿಂದಿಗಳು. ಚಿತ್ರಹಿಂಸೆ, ಜೀತ, ಒಕ್ಕಲೆಬ್ಬಿಸುವಿಕೆ ಎಂದೆಲ್ಲ ಗಂಭೀರವಾಗಿ ಮಾತಾಡುತ್ತ ತಲೆಯೆತ್ತಿದರೆ ನನ್ನದೇ ಹಣೆಯ ಮೇಲೆ ನಾಲ್ಕಾರು ಬಿಂದಿ ಕಾಣುತ್ತಿದ್ದವು.

ನಾವು ಮೂವರು. ಅಧ್ಯಕ್ಷೆ ಪದ್ಮಾವತಿ ಅಮ್ಮ, ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಫ್ಲಾಸ್ಕಿನಲ್ಲಿ ಶುಂಠಿ ಚಹಾ ತಂದು ನಮಗೆಲ್ಲ ಹಂಚುತ್ತಿದ್ದರು. ಇನ್ನೊಬ್ಬ ಚೆನ್ನೈನಿಂದ ಬಂದ ಯುವ ವಿಮರ್ಶಕ ಅರುಳ್, ಬಹಳ ಓದಿಕೊಂಡವನು. ಅವನು ಮಾತಾಡುವಾಗ ನಾನು ಚಹಾ ಕುಡಿಯುತ್ತಿದ್ದೆ, ಏಕೆಂದರೆ ಬಾಯಿ ಮುಚ್ಚಿಕೊಂಡಿರಲು ಅದೊಂದು ಒಳ್ಳೆಯ ನೆಪ.

ಆ ವರ್ಷ ಕೊನೆಗೆ ಉಳಿದದ್ದು ಇಳಂಗೋ ಎಂಬ ಹುಡುಗನ ಚಿತ್ರ. ಕುರಿಚಿಯ ಒಂದು ಫೌಂಡ್ರಿಯಲ್ಲಿ ಕಾದ ಲೋಹ ಸಿಡಿದು ಸತ್ತ ಕೆಲಸಗಾರನ ಹೆಂಡತಿ ರುಕ್ಮಿಣಿಯ ಕಥೆ. ಗಂಡ ಹೇಗೆ ಸತ್ತ, ಆಮೇಲೆ ಯಾರು ಬಂದರು, ಯಾರು ಬರಲಿಲ್ಲ ಎಂದು ಅವಳು ತಮಿಳಿನಲ್ಲಿ ಹೇಳುತ್ತಾಳೆ. ತಿರುಪ್ಪೂರಿನ ತವರುಮನೆಯಲ್ಲಿ ತೂಗುಹಾಕಿದ ಗಂಡನ ಪಟ, ಅದಕ್ಕೆ ಹಾರ. ಅವಳ ಹಣೆಯಲ್ಲಿ ದೊಡ್ಡ ಕುಂಕುಮ. ಕೊನೆಯಲ್ಲಿ ಅವಳು ಮಾತು ನಿಲ್ಲಿಸಿ ಒಳಬಾಗಿಲ ಕಡೆ ತಿರುಗಿ ಮೆಲ್ಲಗೆ ಏನೋ ಹೇಳುತ್ತಾಳೆ. ಅದಕ್ಕೆ ಅಡಿಬರಹವಿಲ್ಲ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಅರುಳ್ ಎದ್ದೇ ನಿಂತ. “ಆ ಕುಂಕುಮ ನೋಡಿದಿರಾ? ಎಂಥ ಪ್ರತಿಭಟನೆ! ಆ ಕೊನೆಯ ಪಿಸುಮಾತು ಇದೆಯಲ್ಲ, ಅದು ಬರೀ ಶೋಕ. ಅದಕ್ಕೆ ಅರ್ಥವೇ ಬೇಡ” ಎಂದ.

ಅರ್ಥ ಇತ್ತು. ಅವಳು ಹೇಳಿದ್ದು ಕನ್ನಡದಲ್ಲಿ, ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲಿ. “ಅತ್ತೆ, ಬಾಗ್ಲಾಕ್ಕೊಳ್ಳಿ. ಮಾವ ಎದ್ರೆ ಹೊರಗ ಬಿಡ್ಬ್ಯಾಡಿ. ಮಗ ಸೂರತ್ತಲ್ಲೇ ಅವ್ನೆ ಅಂತ ಇರ್ಲಿ, ಪಾಪ, ಪಾವಂ.”

ಇಲ್ಲಿ ನಮ್ಮ ಜನರ ಒಂದು ಅಭ್ಯಾಸ ಹೇಳಬೇಕು. ತಲೆಮಾರುಗಳಿಂದ ಈ ಊರಿನಲ್ಲಿದ್ದೇವೆ. ಬೀದಿಗೆ ತಮಿಳು, ಅಂಗಡಿಗೆ ತಮಿಳು, ಶಾಲೆಗೆ ತಮಿಳು. ಕನ್ನಡ ಮನೆಯೊಳಗಿನದು. ಓದಲು ಬರೆಯಲು ನಮ್ಮಲ್ಲಿ ಅನೇಕರಿಗೆ ಬಾರದು, ನಾನೂ ತಲೆ ನರೆತ ಮೇಲೆ ಕಲಿತವನು. ಹಾಗಾಗಿ ಹೊರಗಿನವರ ಎದುರು ಕನ್ನಡ ಆಡಿದರೆ ಬಾಗಿಲು ಮುಚ್ಚಿಕೊಂಡು ಮಾತಾಡಿದಂತೆ ಎಂದು ನಂಬಿಬಿಟ್ಟಿದ್ದೇವೆ. ನಮ್ಮಮ್ಮ ಒಮ್ಮೆ ಸೀರೆ ಅಂಗಡಿಯಲ್ಲಿ ಕುಳಿತು ನನಗೆ, “ಈ ಬೋಳಾ ಕಳ್ಳ ಕಣೋ, ಎದ್ದೇಳು” ಎಂದರು. ಅಂಗಡಿಯವನು ಸೀರೆ ಮಡಿಸುತ್ತ, “ಕಮ್ಮಿ ಮಾಡ್ಕೊಡ್ತೀನಿ, ಕೂತ್ಕೊಳ್ಳಿ ಅಕ್ಕ” ಎಂದ. ಅಮ್ಮ ಆ ಬೀದಿಗೇ ಮತ್ತೆ ಕಾಲಿಡಲಿಲ್ಲ. ರುಕ್ಮಿಣಿ ಮಾಡಿದ್ದೂ ಅದೇ ತಪ್ಪು, ಆದರೆ ಕ್ಯಾಮೆರಾದ ಮುಂದೆ.

ನಾನು ಚಹಾ ಕೆಳಗಿಟ್ಟು ವಿಷಯ ಹೇಳಿದೆ. ಅರುಳ್ ಕುಳಿತುಬಿಟ್ಟ. ಉತ್ಸವಕ್ಕೆ ಒಂದು ಪದ್ಧತಿ ಇತ್ತು: ಗೆದ್ದ ಚಿತ್ರವನ್ನು ಅದು ತಯಾರಾದ ಬೀದಿಯಲ್ಲೇ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಅಲ್ಲಿನ ಜನರಿಗೆ ತೋರಿಸಬೇಕು. ಈ ಚಿತ್ರ ಗೆದ್ದರೆ ಹಾರ ಹಾಕಿದ ಮಗನ ಪಟ ಆ ಮುದುಕನ ಜಗಲಿಯ ಎದುರೇ ಗೋಡೆಯಷ್ಟು ದೊಡ್ಡದಾಗಿ ಮೂಡುತ್ತದೆ.

“ಹಾಗಿದ್ದರೆ ಪ್ರಶಸ್ತಿ ಬೇರೆಯದಕ್ಕೆ ಕೊಟ್ಟುಬಿಡೋಣ” ಎಂದೆ. ಇಷ್ಟು ಸುಲಭದ ಪರಿಹಾರ ಹೊಳೆದದ್ದಕ್ಕೆ ನನಗೇ ಹೆಮ್ಮೆ ಎನಿಸಿತು.

ಪದ್ಮಾವತಿ ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೇಳಿದರು: “ಬಾಗಿಲಿಗೆ ಮಾನವ ಹಕ್ಕು ಅಂತ ಬ್ಯಾನರ್ ಕಟ್ಟಿದೀವಿ. ಆ ಹೆಣ್ಣುಮಗಳನ್ನ ಒಂದು ಮಾತು ಕೇಳದೆ ಅವಳ ಪರವಾಗಿ ನಾವೇ ತೀರ್ಮಾನ ಮಾಡೋದಾ? ಏಳ್ರಿ, ನಿಮಗೆ ಭಾಷೆ ಬರುತ್ತೆ.”

ಇಳಂಗೋನನ್ನೂ ಕರೆದುಕೊಂಡು ಹೊರಟೆವು. ಆ ಹುಡುಗ ತಿಂಗಳುಗಟ್ಟಲೆ ಆ ಮನೆಗೆ ಹೋಗಿಬಂದು ಅವಳು ಮಾಡಿದ ದೋಸೆ ತಿಂದವನು. ಅವಳ ಆ ಕೊನೆಯ ಮಾತು ಏನೆಂದು ಕೇಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ರುಕ್ಮಿಣಿ ನಮ್ಮನ್ನು ಬಾಗಿಲ ಹೊರಗೇ ನಿಲ್ಲಿಸಿಕೊಂಡು ಕೇಳಿಸಿಕೊಂಡಳು. ನಾನು ಕನ್ನಡದಲ್ಲಿ ಶುರುಮಾಡಿದ ಕೂಡಲೇ ಅವಳ ಮುಖ ಬಿಳಿಚಿತು. ಮಗ ಸತ್ತಾಗ ಮಾವ ಎದೆಯ ಆಪರೇಷನ್ ಆಗಿ ಮಗಳ ಮನೆಯಲ್ಲಿದ್ದರಂತೆ. ಆಘಾತವಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ, ಮಗ ಸೂರತ್ತಿನ ಮಗ್ಗದ ಕೆಲಸಕ್ಕೆ ಹೋಗಿದ್ದಾನೆ ಎಂದು ಮನೆಯವರು ಹೇಳಿದರು. ಮಾವ ಮನೆಗೆ ಮರಳುವ ದಿನ ಅವಳು ಮತ್ತೆ ಕುಂಕುಮ ಇಟ್ಟುಕೊಂಡಳು. ಮಗನ ಫೋನು ಬರುವುದು ಯಾವಾಗಲೂ ಮಾವ ಮಾತ್ರೆ ನುಂಗಿ ಮಲಗಿದ್ದಾಗಲೇ ಎಂದು ನಂಬಿಸಿದ್ದರು. ಬೀದಿಯವರೆಲ್ಲ ಒಂದೇ ಮಾತಿನಲ್ಲಿ ನಿಂತು ಈ ಸುಳ್ಳನ್ನು ಕಾಪಾಡಿದ್ದರು.

“ಬೇಡ ಅಂದ್ರೆ ಬಿಟ್ಬಿಡ್ತೀವಿ ತಾಯಿ. ಎಲ್ಲೂ ತೋರ್ಸೋದಿಲ್ಲ” ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು: “ಇಲ್ಲಣ್ಣ, ತೋರ್ಸಿ. ಆ ಪೌಂಡ್ರಿಲಿ ಇನ್ನೂ ಜನ ಕೆಲ್ಸ ಮಾಡ್ತಾವ್ರೆ. ಪೊಲೀಸ್ಗೆ ಹೇಳ್ದೆ, ಆಪೀಸ್ಗೆ ಹೇಳ್ದೆ, ಈ ತಂಬಿ ಕ್ಯಾಮ್ರಾಕ್ಕೂ ಹೇಳ್ದೆ, ಎಲ್ಲಾ ತಮಿಳಲ್ಲೇ. ನಮ್ಮ ಮಾತಲ್ಲಿ ಒಂದ್ಸಲನೂ ಹೇಳಿಲ್ಲ. ಮನೆಯೊಳಗೆ ಅವ್ರಿನ್ನೂ ಸೂರತ್ತಲ್ಲೇ ಅವ್ರೆ. ಈಗ ಹೇಳ್ಬುಡ್ತೀನಿ. ನೀವು ಒಸಿ ಜೊತೆಲಿ ಕೂತ್ಕೊಳ್ಳಿ.”

ನಾನು ಕುಳಿತೆ. ಓಡಿಹೋಗಬೇಕು ಎನಿಸುತ್ತಿತ್ತು, ಆದರೂ ಕುಳಿತೆ. ಅತ್ತೆ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದರು. ಮುದುಕರು ಗೋಡೆಗೊರಗಿಕೊಂಡು ನನ್ನನ್ನು ನೋಡಿ, “ಯಾರಪ್ಪ, ನಮ್ಮೋರಾ?” ಎಂದರು. ಹೌದು ಎಂದೆ.

“ಮಾವ,” ಎಂದಳು ರುಕ್ಮಿಣಿ, “ಅವ್ರು ಸೂರತ್ತಲ್ಲಿಲ್ಲ. ಪೌಂಡ್ರಿಲೇ ತೀರ್ಕೊಂಡ್ರು. ನಾ ಇಷ್ಟ್ ದಿನ ಪೊಯ್ ಹೇಳ್ದೆ, ಬರೀ ಸುಳ್ಳು.”

ಮುದುಕರು, “ಅವತ್ತು ಉಂಡ್ಕೊಂಡ್ ಹೋಗಿದ್ನಾ?” ಎಂದು ಕೇಳಿದರು.

“ಹೂಂ ಮಾವ. ದೋಸೆ ತಿಂದ್ರು. ಇನ್ನೊಂದು ಹಾಕು ಅಂದ್ರು, ಹಾಕ್ದೆ.”

ಅವರು ಕೈ ಚಾಚಿ ಅವಳ ತಲೆಯ ಮೇಲಿಟ್ಟರು. ಅವಳ ಕೈ ತಾನಾಗಿ ಹಣೆಗೆ ಹೋಯಿತು. “ಇರ್ಲಿ ಬುಡಮ್ಮ, ಅಳಿಸ್ಬ್ಯಾಡ” ಎಂದರು. ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು, ಹೊರಗೆ ನಿಂತಿದ್ದ ಪದ್ಮಾವತಿ ಅಮ್ಮನಿಗೂ ಕೇಳುವಂತೆ. ನನಗೂ ಅಳು ಬಂತು.

ಚಿತ್ರ ಗೆದ್ದಿತು. ಆ ಬೀದಿಯಲ್ಲಿ ಪಂಚೆ ಕಟ್ಟಿ ತೋರಿಸಿದಾಗ ಮುದುಕರು ಮುಂದಿನ ಸಾಲಿನಲ್ಲಿದ್ದರು, ಪಕ್ಕದಲ್ಲಿ ಕುಂಕುಮವಿಟ್ಟ ಸೊಸೆ. ಅರುಳ್ ಹೇಳಿದ ಪ್ರತಿಭಟನೆ ಕೊನೆಗೂ ನಿಜವಾಗಿತ್ತು, ಅವನು ಹೇಳಿದಾಗ ಸುಳ್ಳಾಗಿದ್ದರೂ.

ಆ ಮುದುಕರೂ ಪದ್ಮಾವತಿ ಅಮ್ಮನೂ ಈಗಿಲ್ಲ. ಉತ್ಸವ ಮಾಲ್ ಒಂದರ ಏಸಿ ಹಾಲಿಗೆ ಹೋಗಿದೆ, ಆಡಿ ತಿಂಗಳೇ ಬೇಕೆಂದಿಲ್ಲ. ಹಳಬ ಎಂಬ ಮರ್ಯಾದೆಗೆ ನನ್ನನ್ನು ಇನ್ನೂ ಕರೆಯುತ್ತಾರೆ. ಹೋದ ಸಲ ದೂರದ ಯಾವುದೋ ಬೆಟ್ಟದ ಜನರ ಚಿತ್ರವೊಂದರಲ್ಲಿ ಒಬ್ಬ ಹೆಂಗಸು ಆಚೆ ತಿರುಗಿ ಏನೋ ಅಂದಳು, ಅಡಿಬರಹವಿರಲಿಲ್ಲ. ನಿಲ್ಲಿಸಿ ಎಂದೆ. ಅವಳು ಏನೆಂದಳೋ ಗೊತ್ತಾಗುವವರೆಗೆ ಅಂಕ ಹಾಕುವುದಿಲ್ಲ ಎಂದು ಹಟ ಹಿಡಿದೆ. ಜೊತೆಯ ತೀರ್ಪುಗಾರರು ಮುಖ ಸಿಂಡರಿಸಿದರು. ಯಾರ್‍ಯಾರಿಗೋ ಫೋನು ಮಾಡಿ, ಆ ಬೆಟ್ಟದ ಹುಡುಗನೊಬ್ಬನಿಗೆ ಆ ತುಣುಕನ್ನು ಕೇಳಿಸಿ, ಅರ್ಧ ದಿನ ಕಳೆದ ಮೇಲೆ ಉತ್ತರ ಬಂತು. “ಅನ್ನ ಸೀಯುತ್ತಿದೆ, ಯಾರಾದರೂ ಇಳಿಸಿ” ಎಂದಿದ್ದಳಂತೆ.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ. ಸದ್ಯ, ಬರೀ ಅನ್ನ ಎಂದುಕೊಂಡು ಪೆನ್ನು ಕೈಗೆತ್ತಿಕೊಂಡೆ.