ಖುರ್ಷಿದಾ ಪೂರ್ತಿ ಕೇಳದೆ ಕೊಟ್ಟ ಆಲ್ಬಮ್

ಗಂಗಾವತಿಯಲ್ಲಿ ಮೊಬೈಲ್ ಅಂಗಡಿ ನಡೆಸುವ ಖುರ್ಷಿದಾಳಿಗೆ ಐವತ್ತೆರಡು ವರ್ಷ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಬಂದವರು ಸಿನಿಮಾ ಹಾಡು ಕೇಳಿದರೆ ಮೂಗು ಮುರಿಯುತ್ತಾಳೆ. ‘ಅದನ್ನ ಎಲ್ಲಾರೂ ಕೇಳ್ತಾರ. ಇದನ್ನ ಕೇಳ್ರಿ’ ಎಂದು ಹೊಸ ರ‍್ಯಾಪ್ ಆಲ್ಬಮ್ಮನ್ನೋ, ಬರೀ ಯಂತ್ರದಲ್ಲೇ ಹುಟ್ಟಿದ ಎಲೆಕ್ಟ್ರಾನಿಕ್ ಸಂಗೀತವನ್ನೋ ಅವರ ಕೊರಳಿಗೆ ಗಂಟು ಹಾಕುತ್ತಾಳೆ. ಬೈದುಕೊಂಡು ಹೋದವರೇ ವಾರದೊಳಗೆ ಇನ್ನೊಂದು ಕೊಡು ಎಂದು ಬರುತ್ತಾರೆ. ಯಾಕೆಂದರೆ ತಾನು ಪೂರ್ತಿ ಕೇಳದ್ದನ್ನು ಆಕೆ ಯಾರಿಗೂ ಕೊಟ್ಟವಳಲ್ಲ.

ಒಮ್ಮೆ ಮಾತ್ರ ಕೊಟ್ಟಳು. ಅಳವಂಡಿಯಲ್ಲಿ ಮೇಷ್ಟ್ರಾಗಿರುವ ಬಸವಕುಮಾರ ತನ್ನ ಹೊಸ ಆಲ್ಬಮ್ ಕಳಿಸಿದ್ದ: ಹತ್ತಿ ಗಿರಣಿಯ ಸದ್ದನ್ನು ಕತ್ತರಿಸಿ ಜೋಡಿಸಿದ ಎಂಟು ಹಾಡು. ಎರಡು ಕೇಳಿ ಹಿಗ್ಗಿಹೋದ ಖುರ್ಷಿದಾ ಉಳಿದದ್ದನ್ನು ಕೇಳುವ ಮೊದಲೇ ಹತ್ತಿರದ ಮರಳಿ ಎಂಬ ಊರಿನ ಮುದಕಮ್ಮನಿಗೆ ಕೊಟ್ಟುಬಿಟ್ಟಳು. ಮುದಕಮ್ಮ ಭತ್ತ ನಾಟಿಯ ಕೂಲಿಯಾಳು. ಕಿವಿಗೆ ರ‍್ಯಾಪ್ ಬಿದ್ದರೆ ನಡು ನೋಯುವುದಿಲ್ಲ ಎನ್ನುವವಳು. ಎಂಥ ವಿಚಿತ್ರ ಹಾಡಿಗೂ ಹಿಂದೇಟು ಹಾಕಿದವಳಲ್ಲ.

ನಾಲ್ಕನೇ ದಿನ ಆಕೆಯ ಫೋನು ಬಂತು.

‘ಅಕ್ಕಾ, ಏಳನೇ ಹಾಡಿನ್ಯಾಗ ನನ್ ಮಗಳು ಕರಿಯಾಕ ಹತ್ಯಾಳ. ಅವ್ವಾ, ಅವ್ವಾ ಅಂತ. ಎರಡ ಸಲ.’

ಮುದಕಮ್ಮನ ಆರು ವರ್ಷದ ಮಗಳು ಎರಡು ವರ್ಷದ ಹಿಂದೆ ಕಾಲುವೆಯಲ್ಲಿ ಕೊಚ್ಚಿಹೋಗಿದ್ದಳು; ಹೆಣ ಸಿಕ್ಕಿರಲಿಲ್ಲ. ಖುರ್ಷಿದಾ ಬಸವಕುಮಾರನಿಗೆ ಫೋನು ಹಚ್ಚಿದಳು.

‘ಅಕ್ಕಾರ, ಅದರಾಗ ಮನುಷ್ಯಾರ ದನಿನೇ ಇಲ್ರಿ’ ಎಂದ ಅವನು.

ಅಂಗಡಿ ಬಾಗಿಲೆಳೆದು ಮರಳಿಗೆ ಓಡಿದಳು. ನಡು ಮಧ್ಯಾಹ್ನ. ನಾಟಿಯವರೆಲ್ಲ ಊಟಕ್ಕೆ ಹೋಗಿದ್ದರು. ಮುದಕಮ್ಮ ಒಬ್ಬಳೇ ಕಾಲುವೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಳು.

‘ಮೂರನೇ ಸಲ ಕರೀಲಿ ಅಂತ ಕುಂತೀನಿ. ಸತ್ತೋರು ಎರಡ ಸಲ ಕರೀತಾರ, ಓ ಅಂದೋರ್ನ ಕರಕೊಂಡು ಹೋಗ್ತಾರ. ಮೂರ ಸಲ ಕರದ್ರ ನನ್ ಮಗಳು ಜೀವಂತ ಅದಾಳ.’

ಖುರ್ಷಿದಾ ಒಂದು ಇಯರ್‌ಫೋನು ಕಿತ್ತು ತನ್ನ ಕಿವಿಗಿಟ್ಟಳು. ಗಿರಣಿಯ ಗುಡುಗುಡು. ಅದರ ತಳದಿಂದ ಸಣ್ಣ ಹುಡುಗಿಯ ದನಿ: ಅವ್ವಾ. ಮತ್ತೆ: ಅವ್ವಾ. ಹಾಡು ಮುಗಿಯಿತು. ಮೂರನೆಯ ಕೂಗು ಬರಲಿಲ್ಲ.

‘ಇನ್ನ ಕಾಯಾಕ ಆಗಂಗಿಲ್ಲಕ್ಕ. ಈ ಸಲ ನಾನು ಓ ಅಂತೀನಿ’ ಎಂದು ಮುದಕಮ್ಮ ಅದೇ ಹಾಡನ್ನು ಮತ್ತೆ ಹಚ್ಚಿ, ಇನ್ನೊಂದು ಮೆಟ್ಟಿಲು ಇಳಿದಳು.

ಹಾಡು ಕೊಟ್ಟವಳು ತಾನು. ಈ ಜೀವ ಹೋದರೆ ಹೊಣೆಯೂ ತಾನೇ. ಎರಡನೆಯ ಕೂಗು ಕಿವಿಗೆ ಬೀಳುತ್ತಲೇ ಖುರ್ಷಿದಾ ಅವಳ ಬಾಯಿಗೆ ಅಂಗೈ ಒತ್ತಿ, ತಾನೇ ಅಂದಳು: ‘ಓ... ಬಂದ್ನಿ ಮಗಳ.’

ದನಿ ಕಡಿದುಹೋಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಬರೀ ಗಿರಣಿಯ ಸದ್ದು. ಮುದಕಮ್ಮ ಬೈದಳು, ಅತ್ತಳು, ಕೊನೆಗೆ ಗದ್ದೆಗಿಳಿದಳು.

ಖುರ್ಷಿದಾ ಈಗಲೂ ಹೊಸ ಆಲ್ಬಮ್ ಕೊಡುತ್ತಾಳೆ. ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಹಿಂದಿನಿಂದ ಯಾರೋ ಕರೆದಂತಾಗಿ ತಿರುಗುತ್ತಾಳೆ. ಹೆದರಿಕೆ ಇದೆ, ಸುಳ್ಳಲ್ಲ. ಆದರೆ ಮಕ್ಕಳಿಲ್ಲದ ಆಕೆಯನ್ನು ಅಲ್ಲಿಯತನಕ ಯಾರೂ ಅವ್ವಾ ಎಂದಿರಲಿಲ್ಲ.