ಪಟ್ಟೆ ಮರಿಗಳ ತಾಯಿ

ಮಲೇಷ್ಯಾದ ನಿಲಾಯಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ, ಒಂದು ಚಾಪೆಯಷ್ಟು ಅಗಲದ ಗೆಣಸಿನ ಪಾತಿಯಿತ್ತು. ಇಲ್ಲಿಯವರಿಗೆ ಗೆಣಸೆಂದರೆ ಎಲೆ. ಬೆಳ್ಳುಳ್ಳಿ ಹಾಕಿ ಬಾಡಿಸಿ ಅನ್ನದ ಜೊತೆ ತಿನ್ನುತ್ತಾರೆ. ನಾನು ಗದಗಿನ ಕಡೆಯವಳು, ನನಗೆ ಗೆಡ್ಡೆಯೇ ಬೇಕು. ಹೀಗಾಗಿ ಎಲೆಯೆಲ್ಲ ಪಕ್ಕದ ಮನೆಯ ರೊಹಾನಾ ಅವರಿಗೆ, ಗೆಡ್ಡೆಯೆಲ್ಲ ನನಗೆ ಎಂದು ಬಾಯಿಬಿಟ್ಟು ಆಡದ ಒಂದು ಒಪ್ಪಂದ ನಮ್ಮಿಬ್ಬರ ನಡುವೆ ನಡೆದುಕೊಂಡು ಬಂದಿತ್ತು. ಒಂದು ಮುಂಜಾನೆ ಬಟ್ಟೆಯ ಬುಟ್ಟಿ ಹಿಡಿದು ಹೊರಗೆ ಬಂದರೆ ಎಲೆಯೂ ಇಲ್ಲ, ಗೆಡ್ಡೆಯೂ ಇಲ್ಲ. ಯಾರೋ ಅವಸರದಲ್ಲಿ ನೇಗಿಲು ಹೊಡೆದು ಓಡಿಹೋದಂತೆ ಮಣ್ಣು ಮಗುಚಿಬಿದ್ದಿತ್ತು. ತಂತಿಬೇಲಿಯ ತಳ ಮೇಲಕ್ಕೆ ಬಾಗಿತ್ತು.

ಮಣ್ಣು ನೋಡಿದ ಕೂಡಲೇ ಇದು ಯಾರ ಕೆಲಸವೆಂದು ನನಗೆ ತಿಳಿಯಿತು. ತಿಳಿಯಿತಲ್ಲ ಎಂಬುದೇ ನನ್ನನ್ನು ಇರಿಸುಮುರಿಸಿಗೆ ಈಡುಮಾಡಿತು. ನಮ್ಮ ಅಮ್ಮ ಆ ಪ್ರಾಣಿಯ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ತೀರ ಹೇಳಲೇಬೇಕಾದರೆ 'ಅದು' ಎನ್ನುತ್ತಿದ್ದಳು. ಅಂಥವಳ ಮಗಳು ಪಶುವೈದ್ಯಕೀಯ ಓದಲು ಹೋಗಿ, ಕೊನೆಯ ವರ್ಷ ಹಂದಿ ಸಾಕಣೆ ವಿಭಾಗದಲ್ಲಿ ಎರಡು ತಿಂಗಳು ಕೆಲಸ ಮಾಡಿದಳೆಂದರೆ, ರಜೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಬಿಸಿನೀರಿನ ಹಂಡೆಯ ಕಡೆ ಕೈತೋರಿಸುತ್ತಿದ್ದಳೇ ಹೊರತು ಏನನ್ನೂ ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ಅವು ಎಷ್ಟು ಚುರುಕು, ಎಷ್ಟು ಶುಚಿ, ಮರಿ ಹಾಕಿದ ತಾಯಿ ಹಾಲೂಡಿಸುವಾಗ ಹೇಗೆ ಲಯಬದ್ಧವಾಗಿ ಗುಟುರು ಹಾಕುತ್ತದೆ ಎಂಬುದೆಲ್ಲ ನನ್ನ ಎದೆಯಲ್ಲೇ ಉಳಿದುಹೋದ ವಿದ್ಯೆ. ಮಲೇಷ್ಯಾಕ್ಕೆ ಬಂದಮೇಲೆ ಅದೂ ಬೇಕಾಗಲಿಲ್ಲ. ಇಲ್ಲಿ ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಸೂಕ್ಷ್ಮದರ್ಶಕಗಳನ್ನು ನೋಡಿಕೊಳ್ಳುವವಳು. ಪ್ರಾಣಿ ಎಂದರೆ ಗಾಜಿನ ಪಟ್ಟಿಯ ಮೇಲಿನ ಒಂದು ಬಣ್ಣದ ಚುಕ್ಕೆ.

ನಮ್ಮ ಬಡಾವಣೆಯ ಹಿಂದೆ ತಾಳೆಎಣ್ಣೆಯ ತೋಟ, ತೋಟದಾಚೆ ಗುಡ್ಡ. ಕಾಡುಹಂದಿಗಳು ಅಲ್ಲಿಂದಲೇ ಬರುತ್ತಿದ್ದವು. ಮೊದಮೊದಲು ಕಸದ ಡಬ್ಬಿ ಉರುಳಿಸುವಷ್ಟಕ್ಕೇ ಇದ್ದುದು, ಬೆಳಗಿನ ನಡಿಗೆಗೆ ಹೋಗಿದ್ದ ಮುದುಕರೊಬ್ಬರ ತೊಡೆಯನ್ನು ಕೋರೆ ಸೀಳಿದ ಮೇಲೆ ಹುಡುಗಾಟವಾಗಿ ಉಳಿಯಲಿಲ್ಲ. ನಿವಾಸಿಗಳು ಅನುಮತಿ ಪಡೆದು, ಪರವಾನಗಿ ಇದ್ದ ಬೇಟೆಗಾರರೊಬ್ಬರನ್ನು ಕರೆಸಿದರು. ಹೆಸರು ಲಿಮ್. ನಿವೃತ್ತ ಗಣಿತದ ಮೇಷ್ಟ್ರು. ಮಡಿಕೆ ಕೆಡದ ಅಂಗಿ, ಮೃದುವಾದ ಮಾತು. ಬ್ಯಾಡ್ಮಿಂಟನ್ ಆಡುವ ಶೆಡ್ಡಿನಲ್ಲಿ ಸೇರಿದ ಸಭೆಯಲ್ಲಿ ಅವರು ವಿವರಿಸುತ್ತಿರುವಾಗಲೇ ಒಬ್ಬ ಹೆಂಗಸು ಬಂದು ಹಿಂದೆ ನಿಂತಳು. ತೋಟದಾಚೆ ಗುಡ್ಡದ ಬುಡದಲ್ಲಿ ಹತ್ತಾರು ಹಂದಿ ಸಾಕಿಕೊಂಡಿದ್ದ ವೊಂಗ್. ಅರವತ್ತು ದಾಟಿದವಳು, ಮೊಣಕಾಲುದ್ದದ ರಬ್ಬರ್ ಬೂಟು ಬಾಗಿಲ ಹೊರಗೆ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು.

"ಐದು ತಿಂಗಳ ಹಿಂದೆ ಬಿರುಗಾಳಿಗೆ ಬೇಲಿ ಬಿತ್ತು. ನನ್ನ ಒಂದು ಹೆಣ್ಣು ಹೊರಗೆ ಹೋಗಿದೆ, ಕಪ್ಪು," ಎಂದಳು, ಮಲಯ, ಇಂಗ್ಲಿಷು ಎರಡನ್ನೂ ಬೆರೆಸಿ, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ. "ನೀವು ಕಾಡಿಂದು ಹೊಡೀರಿ, ನಾನು ಬೇಡ ಅನ್ನಲ್ಲ. ನನ್ನದನ್ನು ಹೊಡೀಬೇಡಿ ಲಾ."

ಈ ಸೀಮೆಯಲ್ಲಿ ಹಿಂದೊಮ್ಮೆ ಹಂದಿಗಳಿಂದ ಮನುಷ್ಯರಿಗೆ ಜ್ವರ ಹರಡಿ, ಸಾಕಿದ್ದ ಹಂದಿಗಳನ್ನೆಲ್ಲ ಕೊಂದು ಹೂತ ಕಾಲವೊಂದಿತ್ತು. ಆಗ ವೊಂಗ್‌ಳ ದೊಡ್ಡಿಯೂ ಬರಿದಾಗಿತ್ತಂತೆ. ಮತ್ತೆ ಎರಡೇ ಹೆಣ್ಣಿನಿಂದ ಆರಂಭಿಸಿ ಕಟ್ಟಿದ ದೊಡ್ಡಿಯದು; ಕಳೆದುಹೋದದ್ದು ಆ ಎರಡರಲ್ಲೊಂದರ ವಂಶದ್ದು. ಇದನ್ನೆಲ್ಲ ಆಕೆ ಅಂದು ಹೇಳಲಿಲ್ಲ, ಆಮೇಲೆ ತಿಳಿದದ್ದು. ಅಂದು ಅಷ್ಟೇ ಹೇಳಿ ತನ್ನ ಬರಿಗಾಲುಗಳನ್ನು ನೋಡಿಕೊಂಡು ನಿಂತಳು.

"ಎರಡೂ ಕಪ್ಪಾದರೆ ಗೊತ್ತಾಗೋದು ಹೇಗೆ?" ಎಂದು ಯಾರೋ ಕೇಳಿದರು. ಲಿಮ್ ಕನ್ನಡಕ ಒರೆಸಿಕೊಂಡರು. "ಮೊದಲಾದರೆ ನನಗೆ ಗೊತ್ತಾಗುತ್ತಿತ್ತು. ಈಗ ಒಂದು ಕಣ್ಣಿಗೆ ಪೊರೆ ಬಂದಿದೆ."

ಯಾಕೆ ಎದ್ದು ನಿಂತೆನೋ ನನಗೆ ಈಗಲೂ ಬಗೆಹರಿಯದು. ಕಾಡಿನದಕ್ಕೆ ಮೂತಿ ನೇರ, ಉದ್ದ. ಬೆನ್ನ ಮೇಲೆ ಕುರುಚಲು ಕೇಸರ. ಬಾಲ ಸುರುಳಿ ಸುತ್ತದೆ ತುದಿಯಲ್ಲಿ ಕುಚ್ಚು ಬಿಟ್ಟಿರುತ್ತದೆ. ಭುಜ ಎತ್ತರ, ಸೊಂಟ ಸಣ್ಣದು. ಸಾಕಿದ್ದಕ್ಕೆ ಹೊಟ್ಟೆ ಜೋಲುತ್ತದೆ, ಮೂತಿ ಮೊಂಡು, ಕಿವಿ ಅಗಲ. ಎಲ್ಲಕ್ಕಿಂತ ಮಿಗಿಲಾಗಿ ಕಿವಿಯ ಅಂಚಿನಲ್ಲಿ ಗುರುತಿಗಾಗಿ ಕತ್ತರಿಸಿದ ಕಚ್ಚು ಇರುತ್ತದೆ. ಒಂದೇ ಉಸಿರಿಗೆ ಇಷ್ಟನ್ನೂ ಹೇಳಿ ಕೂತೆ. ತಲೆಗೆ ದುಪಟ್ಟಾ ಹೊದ್ದ ಹೆಂಗಸು ಇದನ್ನೆಲ್ಲ ಎಲ್ಲಿ ಕಲಿತಳೆಂದು ರೊಹಾನಾ ನನ್ನತ್ತ ತಿರುಗಿ ನೋಡಿದರು. ಬೈಗುಳದ ನೋಟವಲ್ಲ, ಇಷ್ಟು ವರ್ಷ ಗೆಣಸಿನೆಲೆ ಕೊಟ್ಟವಳು ಇವಳೇನಾ ಎಂಬ ನೋಟ.

ಓದಿದ್ದು ಪಶುವೈದ್ಯಕೀಯ ಎಂದೆ. "ಶನಿವಾರ ಬೆಳಿಗ್ಗೆ ನನ್ನ ಜೊತೆ ಬರ್ತೀರಾ, ಡಾಕ್ಟರ್?" ಎಂದರು ಲಿಮ್. ಹತ್ತು ವರ್ಷಗಳಿಂದ ಯಾರೂ ನನ್ನನ್ನು ಡಾಕ್ಟರ್ ಎಂದಿರಲಿಲ್ಲ. ಗೆಳೆಯರೇ, ನನ್ನ ಮುಂದಿನ ನಡತೆಗೆ ಆ ಒಂದು ಶಬ್ದ ಎಷ್ಟರಮಟ್ಟಿಗೆ ಕಾರಣವೋ ನಾನು ಅಳೆಯಲಾರೆ, ಕಾರಣವಂತೂ ಹೌದು.

ಗಂಡ ಶಫೀಕ್ ಮಂಗಳೂರಿನವರು, ಸೈಬರ್‌ಜಯಾದಲ್ಲಿ ಎಂಜಿನಿಯರ್. ಅವರ ಮನೆಮಾತು ಬ್ಯಾರಿ, ನನ್ನದು ಉರ್ದು. ಹಾಗಾಗಿ ನಮ್ಮ ಸಂಸಾರವೂ ಜಗಳವೂ ಕನ್ನಡದಲ್ಲಿ. "ನಿನಗೆ ಯಾಕೆ ಮಾರಾಯ್ತಿ ಈ ಉಸಾಬರಿ? ಅಲ್ಲಿ ಗುಂಡು ಹಾರುವುದುಂಟು," ಎಂದರು. "ಒಂದು ಮುಂಜಾನಿ ಹೋಗಿ ಬಂದ್ರ ಏನಾಕ್ಕೈತಿ? ಬರೇ ನೋಡಿ ಹೇಳೂದು," ಎಂದೆ. ಹನ್ನೆರಡರ ಮಗಳು ಸನಾ ಫೋನಿನಿಂದ ತಲೆಯೆತ್ತದೆ, "ಲೆಟ್ ಹರ್ ಗೋ ಲಾ, ಅಬ್ಬಾ. ಶೀ ಈಸ್ ಸೋ ಹ್ಯಾಪಿ," ಎಂದಳು. ನನಗೆ ನಾಚಿಕೆಯಾಯಿತು. ನಿಜಕ್ಕೂ ಖುಷಿಯಲ್ಲೇ ಇದ್ದೆ.

ಶನಿವಾರ ಬೆಳಕು ಹರಿಯುತ್ತಿದ್ದಂತೆ ತೋಟದ ಕಾಲುವೆಯ ಏರಿಯ ಮೇಲೆ ನಾನೂ ಲಿಮ್ ಅವರೂ ಕೂತೆವು. ಅವರ ಕೈಯಲ್ಲಿ ಬಂದೂಕು, ನನ್ನ ಕೈಯಲ್ಲಿ ಅವರದೇ ದುರ್ಬೀನು. ತಾಳೆಗರಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು; ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಲೆಯ ಮೇಲೆ ಒಂದರ ಹಿಂದೊಂದು ಗುಡುಗುತ್ತಿದ್ದವು. ಮೊದಲು ಬಂದದ್ದು ಒಂಟಿ ಗಂಡು. ಎತ್ತರದ ಭುಜ, ನೇರ ಬಾಲ, ನೆಟ್ಟನೆಯ ಕೇಸರ. ಅನುಮಾನಕ್ಕೆ ಎಡೆಯೇ ಇರಲಿಲ್ಲ. "ಕಾಡಿಂದು," ಎಂದೆ. ಲಿಮ್ ಗುರಿಯಿಟ್ಟರು, ಅಷ್ಟರಲ್ಲಿ ಅದು ಗರಿಗಳ ರಾಶಿಯ ಹಿಂದೆ ಸರಿಯಿತು. ಸರಿಯಾಗಿ ಗುರುತಿಸಿದೆನೆಂಬ ಹುಮ್ಮಸ್ಸು ನನ್ನ ಕಿವಿಯವರೆಗೂ ಏರಿತ್ತು. ಅದೇ ಹುಮ್ಮಸ್ಸಿನಲ್ಲಿ ಎರಡನೆಯದನ್ನು ನೋಡಿದೆ.

ಹೆಣ್ಣು. ಮೈತುಂಬ ಕೆಸರು, ಪಕ್ಕೆ ಒಣಗಿ ಹೊಟ್ಟೆ ಮೇಲೆ ಸರಿದಿತ್ತು, ಬಾಲ ನೇರ. ಅದರ ಹಿಂದೆ ಒಂದು, ಎರಡು, ಐದು ಮರಿಗಳು. ಕಂದು ಮೈಯ ಮೇಲೆ ಉದ್ದುದ್ದ ಹಳದಿ ಪಟ್ಟೆಗಳು. ಬಿಸಿಲು ಗರಿಗಳ ನಡುವಿನಿಂದ ಇಳಿದು ನಡೆದಾಡುತ್ತಿದೆಯೋ ಎಂಬಂತಿದ್ದವು. ಪಟ್ಟೆಯ ಮರಿ ಕಾಡುಹಂದಿಯದೇ. ಪುಸ್ತಕದಲ್ಲೂ ಹಾಗೇ ಇದೆ.

"ಯಾವುದು?" ಲಿಮ್ ಪಿಸುಗುಟ್ಟಿದರು. ತಲೆಯ ಮೇಲೆ ವಿಮಾನ ಬಂತು. "ಡಾಕ್ಟರ್, ಯಾವುದು?"

"ಕಾಡಿಂದು," ಎಂದೆ.

ಗುಂಡಿನ ಸದ್ದು ವಿಮಾನದ ಸದ್ದಿನೊಳಗೆ ಮುಳುಗಿಹೋಯಿತು. ಹೆಣ್ಣು ಮುಂಗಾಲು ಮಡಚಿ, ಮಲಗಲು ಜಾಗ ನೋಡಿಕೊಂಡಂತೆ, ಮೆಲ್ಲಗೆ ಪಕ್ಕಕ್ಕೆ ವಾಲಿತು. ಹತ್ತಿರ ಹೋದೆ. ಎಡಗಿವಿಯ ಅಂಚಿನಲ್ಲಿ, ಕೆಸರು ಮೆತ್ತಿಕೊಂಡಿದ್ದ ಕಡೆ, ಬೆರಳಿನಿಂದ ಒರೆಸಿದೆ. ಅಚ್ಚುಕಟ್ಟಾದ ಎರಡು ಕಚ್ಚುಗಳು.

ಆಗ ಎಲ್ಲವೂ ಒಟ್ಟಿಗೇ ನೆನಪಾಯಿತು, ತಡವಾಗಿ ಬಂದ ನೆಂಟರ ಹಾಗೆ. ಹೆದರಿದ ಸಾಕುಹಂದಿಯ ಬಾಲವೂ ನೇರವಾಗುತ್ತದೆ. ಹಸಿದರೆ ಜೋಲುಹೊಟ್ಟೆ ಉಳಿಯುವುದಿಲ್ಲ. ಹಂದಿಯ ಗರ್ಭ ನಾಲ್ಕು ತಿಂಗಳಿಗೂ ಕಡಿಮೆ. ಐದು ತಿಂಗಳ ಹಿಂದೆ ಹೊರಬಿದ್ದ ಹೆಣ್ಣು ಕಾಡಿನ ಗಂಡಿನೊಡನೆ ಕೂಡಿದ್ದರೆ ಈ ಹೊತ್ತಿಗೆ ಅದರ ಬೆನ್ನ ಹಿಂದೆ ಇರಬೇಕಾದದ್ದು ಸರಿಯಾಗಿ ಇಂಥ ಮರಿಗಳೇ, ಅಪ್ಪನ ಪಟ್ಟೆ ಹೊತ್ತ ಮರಿಗಳು. ಇಷ್ಟೂ ನನಗೆ ಗೊತ್ತಿದ್ದದ್ದೇ. ಮಕ್ಕಳನ್ನು ನೋಡಿ ತಾಯಿಯನ್ನು ತೀರ್ಮಾನಿಸಿದ್ದೆ. ಕಿವಿ ನೋಡಬೇಕೆಂದು ನಾಲ್ಕು ಜನರೆದುರು ಉಪದೇಶ ಮಾಡಿದವಳು ಕಿವಿಯನ್ನೇ ನೋಡಿರಲಿಲ್ಲ.

ಲಿಮ್ ಬಂದು ಪಕ್ಕದಲ್ಲಿ ನಿಂತರು. "ನಾನೂ ಪಟ್ಟೆ ನೋಡಿದೆ. ನಾನೂ ಹಾಗೇ ಅಂದುಕೊಂಡೆ," ಎಂದರು. ಆ ಮಾತನ್ನು ಆತುಕೊಂಡು ಕೂರಬಹುದಿತ್ತು. ಬೇಕೆಂದರೆ ಏನನ್ನೂ ಹೇಳದೆ ಹೂತುಬಿಡಲೂಬಹುದಿತ್ತು; ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಮರಿಗಳು ಹೋಗಿರಲಿಲ್ಲ. ಸದ್ದಿಗೆ ಚದುರಿದವು ಒಂದೊಂದಾಗಿ ಮರಳಿ ಬಂದು ತಾಯಿಯ ಕೆಚ್ಚಲು ಹುಡುಕತೊಡಗಿದವು. ನಾನು ಫೋನು ತೆಗೆದು ವೊಂಗ್‌ಳ ನಂಬರು ಕೊಡಿ ಎಂದೆ.

ಆಕೆ ಹಳೆಯ ಮೋಪೆಡ್ಡಿನಲ್ಲಿ ಬಂದಳು. "ಹೇಳಿದ್ದು ನಾನು. ಲಿಮ್ ಅವರದು ತಪ್ಪಲ್ಲ. ನಾನು ಸರಿಯಾಗಿ ನೋಡಲಿಲ್ಲ," ಎಂದೆ. ಬಯ್ಯುತ್ತಾಳೆಂದು ಕಾದೆ. ಆಕೆ ಬಗ್ಗಿ ಹಂದಿಯ ಕಿವಿಯನ್ನು ಹೆಬ್ಬೆರಳಿನಿಂದ ಸವರಿದಳು; ಬಹಳ ಹೊತ್ತು ಸವರಿದಳು. ಆಮೇಲೆ ಕೇಳಿದ್ದು ಒಂದೇ: "ಮರಿ ಹಿಡಿಯೋಕೆ ಬರುತ್ತಾ ನಿನಗೆ?"

ಬರುತ್ತಿತ್ತು. ಹಿಂದಿನಿಂದ ಹೋಗಿ ಹಿಂಗಾಲು ಹಿಡಿದು, ಕಿರುಚುವ ಮೊದಲೇ ಎದೆಗೆ ಆನಿಸಿಕೊಳ್ಳಬೇಕು. ಹದಿನೈದು ವರ್ಷಗಳ ನಂತರವೂ ಕೈ ಮರೆತಿರಲಿಲ್ಲ. ಐದನ್ನೂ ಹಿಡಿದೆ. ಐದನೆಯದರ ಎದೆ ನನ್ನ ಅಂಗೈಯಲ್ಲಿ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಆ ಬಡಿತ ಅದರದೋ ನನ್ನದೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟವಿತ್ತು. ಇವನ್ನು ಉಳಿದವುಗಳ ಜೊತೆ ಬಿಡಬೇಡ, ಕಾಡಿನ ರೋಗ ತಗುಲೀತು, ದೂರದ ಗೂಡಿನಲ್ಲಿ ಇಡು, ಸರ್ಕಾರಿ ವೈದ್ಯರಿಗೆ ತಿಳಿಸು ಎಂದೆ. ಆಕೆ ತಲೆಯಾಡಿಸಿ, ಮರಿಗಳನ್ನು ಹಾಕಿದ ಗೊಬ್ಬರದ ಚೀಲದ ಬಾಯಿ ಸಡಿಲವಾಗಿ ಕಟ್ಟಿಕೊಂಡು ಹೊರಟಳು.

ಮನೆಗೆ ಬಂದಾಗ, ಸುದ್ದಿ ಆಗಲೇ ಮುಟ್ಟಿತ್ತೇನೋ, ರೊಹಾನಾ ತಮ್ಮ ಗೇಟಿನಲ್ಲೇ ನಿಂತಿದ್ದರು. ನನ್ನ ಕೆಸರು ಮೆತ್ತಿದ ಎದೆ, ಕೈ ನೋಡಿದರು. ನಾನು ದೂರವೇ ನಿಂತೆ. ಅವರು ಒಳಗೆ ಹೋಗಿ ಕಾಗದ ಸುತ್ತಿದ ಒಂದು ಸೋಪು ತಂದು ಕಾಂಪೌಂಡಿನ ಮೇಲಿಟ್ಟರು. ಹಂದಿ ಮುಟ್ಟಿದರೆ ತೊಳೆದುಕೊಳ್ಳಲೆಂದೇ ಇಲ್ಲಿ ಮಾರುವ, ಜೇಡಿಮಣ್ಣು ಬೆರೆಸಿದ ಸೋಪು. "ಮೊದಲ ಸಲ ಇದು, ಆಮೇಲೆ ಆರು ಸಲ ನೀರು," ಎಂದರು. ಮತ್ತೆ, "ಮರಿಗಳು ಬದುಕ್ತಾವಾ?" ಎಂದರು. ಗಂಡನ ಊರಿನ ಕಡೆಯೂ ತೊಳೆಯುವುದಕ್ಕೆ ಇದೇ ರೂಢಿ. ನಮ್ಮ ಕಡೆ ಮಣ್ಣಿನ ಕಟ್ಟುನಿಟ್ಟಿಲ್ಲ. ಆದರೂ ಏಳು ಸಲವೂ ತೊಳೆದೆ. ಬೆರಳಿಗೆ ಅಂಟಿದ ಆ ಎರಡು ಕಚ್ಚುಗಳ ಸ್ಪರ್ಶ ಮಾತ್ರ ಎಂಟನೆಯ ಸಲಕ್ಕೂ ಹೋಗುವಂತಿರಲಿಲ್ಲ.

ಅಂದಿನಿಂದ ನಾನು ಒಂದೆಡೆ ನೆಮ್ಮದಿಯಾಗಿ ಕೂತದ್ದಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ. ಸಂಜೆ ಕೆಲಸ ಮುಗಿದ ಕೂಡಲೇ ವೊಂಗ್‌ಳ ಗೂಡಿಗೆ ಹೋಗಿ ಬಾಟಲಿಯಲ್ಲಿ ಹಾಲು ಕುಡಿಸಿ ಬರುತ್ತಿದ್ದೆ. ರಕ್ತಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬಂದ ದಿನ ಆಕೆ ನನಗೆ ಕುರ್ಚಿ ಕೊಟ್ಟಳು, ಅಲ್ಲಿಯವರೆಗೆ ಕೊಟ್ಟಿರಲಿಲ್ಲ. ಎರಡು ಮರಿ ಸತ್ತವು, ಮೂರು ಉಳಿದವು. ಉಳಿದವುಗಳ ಕಿವಿಗೂ ಆಕೆ ಕಚ್ಚು ಹಾಕಿದಳು. ಪಟ್ಟೆ ಮಾಸಿ ಕಪ್ಪಾಗುತ್ತ ಬಂದಂತೆ ಅವು ಬೇಲಿಯ ಉದ್ದಕ್ಕೂ ಓಡಾಡತೊಡಗಿದವು. "ಇವು ನಿಲ್ಲಲ್ಲ. ಅಪ್ಪನ ರಕ್ತ," ಎಂದಳು ವೊಂಗ್. ಎಂದವಳು ಬೇಲಿಯನ್ನೇನೂ ಎತ್ತರಿಸಲಿಲ್ಲ. ಒಂದು ದಿನ ಮೂರರಲ್ಲಿ ಒಂದಿರಲಿಲ್ಲ. ಆಕೆ ಹುಡುಕಲು ಹೋಗಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಚಡಪಡಿಕೆ ಒಂದು ಪ್ರಾಣಿಯ ಸಾವಿನದು ಮಾತ್ರವೇ ಎಂದು ನೀವು ಕೇಳಬಹುದು. ಇರಲಾರದು. ವರ್ಷಗಟ್ಟಲೆ ಬಳಸದ ವಿದ್ಯೆಗೆ ಒಂದು ಮುಂಜಾನೆ ಗಿರಾಕಿ ಸಿಕ್ಕಾಗ, ಉತ್ತರ ಗೊತ್ತಿದೆಯೋ ಇಲ್ಲವೋ ಎಂಬುದಕ್ಕಿಂತ ಉತ್ತರ ಹೇಳುವವಳು ನಾನಾಗಬೇಕೆಂಬ ಆಸೆ ದೊಡ್ಡದಾಗಿತ್ತು. ಆ ಆಸೆಯ ಮುಖವನ್ನು ನಾನು ಬೇರೆಯವರಲ್ಲಿ ಎಷ್ಟೋ ಸಲ ಕಂಡಿದ್ದೇನೆ. ವೀಸಾ ಕಿಟಕಿಯಾಚೆ ಕೂತು, ನನ್ನ ಮಗಳ ಇಂಗ್ಲಿಷು ಕೇಳಿ, ನನ್ನ ತಲೆವಸ್ತ್ರ ನೋಡಿ, ಕಾಗದ ಓದುವ ಮೊದಲೇ ನಾವು ಯಾರೆಂದು ನಿಶ್ಚಯಿಸಿಬಿಟ್ಟವರ ಮುಖದಲ್ಲಿ ಕಂಡು ಒಳಗೊಳಗೇ ಕುದಿದಿದ್ದೇನೆ. ಅದು ನನ್ನ ಮುಖವೂ ಆಗಬಲ್ಲದೆಂದು ತಿಳಿಯಲು ದುರ್ಬೀನೊಂದು ಕೈಗೆ ಬರಬೇಕಾಯಿತು.

ಹಂದಿಗಳು ಬರುವುದು ನಿಲ್ಲಲಿಲ್ಲ. ಮುದುಕರ ತೊಡೆಯ ಗಾಯ ಮಾದು ಅವರು ಕೋಲು ಹಿಡಿದು ಮತ್ತೆ ನಡೆಯತೊಡಗಿದ್ದರು. ಲಿಮ್ ಮತ್ತೆ ಕರೆದರು, ಬರಲಾರೆನೆಂದೆ. "ಒಮ್ಮೆ ತಪ್ಪಿದವರೇ ಎರಡನೆಯ ಸಲ ಸರಿಯಾಗಿ ನೋಡ್ತಾರೆ. ತರಗತಿಯಲ್ಲಿ ನಾನು ಕಂಡದ್ದು ಅಷ್ಟೇ," ಎಂದರು. ಹೋದೆ.

ಅದೇ ಏರಿ. ಬಿಸಿಲು ಇನ್ನೂ ಎಳೆಯದು. ಗರಿಗಳ ನಡುವಿನಿಂದ ಹರೆಯದ ಕಪ್ಪು ಹಂದಿಯೊಂದು ಹೊರಬಂದು ನಮ್ಮ ಮನೆಗಳ ಸಾಲಿನ ಕಡೆ ಮೂತಿ ಮಾಡಿ ನಿಂತಿತು. ಭುಜ ಎತ್ತರವೆನ್ನಬಹುದು, ಅಲ್ಲವೆನ್ನಲೂಬಹುದು. ಕಿವಿಯ ಅಂಚಿಗೆ ಹುಲ್ಲು ಅಡ್ಡ ಬಂದಿತ್ತು. ಕಣ್ಣು ನೋಯುವಷ್ಟು ನೋಡಿದೆ.

"ಯಾವುದು, ಡಾಕ್ಟರ್?"

"ಗೊತ್ತಿಲ್ಲ," ಎಂದೆ.

ಲಿಮ್ ಬಂದೂಕು ಇಳಿಸಿದರು. ಹಂದಿ ಅವಸರವಿಲ್ಲದೆ ಕಾಲುವೆ ದಾಟಿ ಮನೆಗಳತ್ತ ನಡೆಯಿತು. ನಾನು ಮನೆಗೆ ಫೋನು ಮಾಡಿದೆ. ಎತ್ತಿದವಳು ಸನಾ.

"ಹಿಂಬಾಗಿಲು ಹಾಕು. ರೊಹಾನಾ ಆಂಟಿಗೂ ಕೂಗಿ ಹೇಳು, ಒಂದು ಹಂದಿ ಬರಾಕತ್ತೈತಿ."

"ವೈಲ್ಡ್ ವನ್ ಆ, ಅಮ್ಮಿ? ಆರ್ ವೊಂಗ್ ಆಂಟೀಸ್?"

"ನನಗ ಗೊತ್ತಿಲ್ಲವ್ವ," ಎಂದೆ. "ನೀ ಮೊದಲ ಬಾಗಿಲಾ ಹಾಕು."