ಮದುವೆ ಮೇಳದಲ್ಲಿ ಅಂತರಪಟದ ಮಳಿಗೆ

ಮುದ್ದೇಬಿಹಾಳದಿಂದ ಫೋನ್ ಬಂದಾಗ ನಾನು ಬಾಗೇವಾಡಿಯ ನಮ್ಮ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಮಾತಾಡಿದವರು ಅಲ್ಲಿಯ ಕಲ್ಯಾಣ ಮಂಟಪವೊಂದರ ಮಾಲೀಕರು. ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ಶುರುವಾಗುವ ಮೊದಲು ತಮ್ಮ ಮಂಟಪದಲ್ಲಿ ಎರಡು ದಿನ ಮದುವೆ ಮೇಳ ಇಡುವವರಿದ್ದರಂತೆ. ಸೀರೆಯವರು, ಬಂಗಾರದವರು, ಮೇಕಪ್ಪಿನವರು, ಫೋಟೊದವರು, ಅಡುಗೆ ಗುತ್ತಿಗೆಯವರು ಎಲ್ಲರೂ ಬರುತ್ತಾರೆ, ನೀವೂ ಒಂದು ಮಳಿಗೆ ಹಾಕಿರಿ ಎಂದರು.

“ಅಕ್ಕಾರ, ನಿಮಗಂತ ಒಂದು ಮೂಲಿ ಜಾಗಾ ಹಿಡದಿಟ್ಟೇನ್ರಿ. ಸೋಮವಾರದೊಳಗ ಹೂಂ ಅನ್ರಿ. ಇಲ್ಲಾಂದ್ರ ಬ್ಯಾರೇದವ್ರಿಗೆ ಕೊಡಬೇಕಾಗ್ತೈತಿ.”

ನೋಡಿ ಹೇಳುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಮೊರದಲ್ಲಿದ್ದ ಕಲ್ಲು ಯಾವುದು, ಕಾಳು ಯಾವುದು ತಿಳಿಯದಾಯಿತು.

ನಾನು ಅಂತರಪಟ ಹೊಲಿಯುವವಳು. ಮಂಗಳಾಷ್ಟಕ ಹೇಳುವ ಹೊತ್ತಿಗೆ ವಧೂವರರ ನಡುವೆ ಹಿಡಿಯುತ್ತಾರಲ್ಲ, ಆ ಬಟ್ಟೆ. ಮೊದಲು ಅದಕ್ಕೊಂದು ಧೋತರವೋ ಶಾಲೋ ಸಾಕಾಗುತ್ತಿತ್ತು. ಈಗ ಮುಹೂರ್ತದ ಫೋಟೊದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೇ ಅದಾದ್ದರಿಂದ, ಜನರಿಗೆ ಅದೂ ಚೆಂದ ಬೇಕು. ನಮ್ಮೆಜಮಾನರ ತಂಗಿಯ ಮಗಳ ಲಗ್ನಕ್ಕೆಂದು ನಾನು ಒಂದು ಮಾಡಿಕೊಟ್ಟೆ. ಕುಪ್ಪಸದ ಖಣದ ಅಂಚು, ನಡುವೆ ಕಸೂತಿ, ಎದುರುಬದುರು ಎರಡು ಗಿಳಿ, ಅವುಗಳ ಕೆಳಗೆ ಇಬ್ಬರ ಹೆಸರು. ನೋಡಿದವರು ಕೇಳಿದರು, ಕೇಳಿದವರ ನೆಂಟರು ಕೇಳಿದರು. ಹೀಗೆ ಬಾಯಿಂದ ಬಾಯಿಗೆ ನಡೆದುಕೊಂಡು ಬಂದ ಕೆಲಸ ಅದು. ಒಂದು ಅಂತರಪಟಕ್ಕೆ ನನಗೆ ಹತ್ತಿರಹತ್ತಿರ ಒಂದು ತಿಂಗಳು ಬೇಕು.

ಮಳಿಗೆಯ ಬಾಡಿಗೆ ನನ್ನ ಮಟ್ಟಿಗೆ ಸಣ್ಣದಲ್ಲ. ಆದರೆ ನನ್ನನ್ನು ಕೂರಲು ಬಿಡದಿದ್ದದ್ದು ಅದೊಂದೇ ಆಗಿದ್ದರೆ ಬೇಡ ಎಂದುಬಿಡುತ್ತಿದ್ದೆ. ಯಾರೂ ತಿರುಗಿ ನೋಡದಿದ್ದರೆ ಎಂಬ ಹೆದರಿಕೆ ಒಂದು ಕಡೆ. ಎಲ್ಲರೂ ಬೇಕೆಂದರೆ ಹೇಗೆ ಪೂರೈಸಲಿ ಎಂಬ ಹೆದರಿಕೆ ಇನ್ನೊಂದು ಕಡೆ. ನಮ್ಮೆಜಮಾನರು ಹೈಸ್ಕೂಲ್ ಮಾಸ್ತರರು, ಯಾವ ಮಾತಿಗೂ ಕಾರಣ ಕೇಳುವವರು. ಊಟಕ್ಕೆ ಕೂತಾಗ ಅವರೂ ಅದನ್ನೇ ಎತ್ತಿದರು.

“ಹತ್ತು ಮಂದಿ ಬಂದು ಮುಂದಿನ ತಿಂಗಳ ಲಗ್ನ ಐತಿ, ಕೊಡು ಅಂದ್ರ ಏನ್ ಮಾಡ್ತಿ?”

“ಆಗೂದಿಲ್ಲ ಅಂತೇನಿ.”

“ಆಗೂದಿಲ್ಲ ಅನ್ನಾಕ ಅಲ್ಲೀ ತನಕಾ ಹೋಗ್ಬೇಕೇನು?”

ರೊಟ್ಟಿ ಬಡಿಸಿ ಎದ್ದುಹೋದೆ. ಆ ವಾರವೆಲ್ಲ ಹಾಗೇ. ಕಸೂತಿಯ ರಿಂಗಿಗೆ ಬಟ್ಟೆ ಸಿಕ್ಕಿಸುವುದು, ಎರಡು ಹೊಲಿಗೆ ಹಾಕುವುದು, ಎದ್ದು ಬಾಗಿಲಿಗೆ ಹೋಗಿ ನಿಲ್ಲುವುದು. ಮಂಟಪದವರಿಗೆ ವಾಟ್ಸಾಪಿನಲ್ಲಿ ‘ಹೂಂ’ ಎಂದು ಬರೆದು ಅಳಿಸಿದೆ. ‘ಈ ವರ್ಷ ಬೇಡ’ ಎಂದು ಬರೆದು ಅದನ್ನೂ ಅಳಿಸಿದೆ.

ಸಿಂದಗಿಯಲ್ಲಿ ನನ್ನ ತವರು. ಅಲ್ಲಿರುವ ವೈನಿ, ನನ್ನ ಅಣ್ಣನ ಹೆಂಡತಿ, ಫೋನಿನಲ್ಲಿ ನನ್ನ ಗೋಳು ಕೇಳಿ, “ನಮ್ಮಲ್ಲಿ ಈ ಐತವಾರ ಅಂಥಾದ್ದ ಒಂದು ಮೇಳ ಐತಿ. ಬಂದು ಕಣ್ಣಿಲೆ ನೋಡಿ ಹೋಗು. ಮನ್ಯಾಗ ಕುಂತು ತಲಿ ಯಾಕ ಕೆಡಿಸ್ಕೋತಿ?” ಎಂದಳು. ಅಣ್ಣ ತೀರಿಕೊಂಡ ಮೇಲೆ ಮನೆ, ಹೊಲ ಎರಡನ್ನೂ ಒಬ್ಬಳೇ ನೋಡಿಕೊಂಡವಳು. ಅವಳ ಮಾತು ನಾನು ತೆಗೆದುಹಾಕುವುದಿಲ್ಲ. ಭಾನುವಾರ ಬೆಳಗ್ಗೆ ಬಸ್ಸು ಹತ್ತಿದೆ.

ಮೇಳ ಊರ ಹೊರಗಿನ ಒಂದು ಮಂಟಪದಲ್ಲಿತ್ತು. ಒಳಗೆ ಕಾಲಿಟ್ಟರೆ ಜಾತ್ರೆಯ ಗದ್ದಲ. ವೇದಿಕೆಯ ಮೇಲೆ ಮೇಕಪ್ಪಿನವರು ಹುಡುಗಿಯೊಬ್ಬಳನ್ನು ಕೂರಿಸಿ ವಧುವಿನ ಅಲಂಕಾರ ಮಾಡಿ ತೋರಿಸುತ್ತಿದ್ದರು. ಅಡುಗೆಯವರು ರುಚಿ ನೋಡಲು ಕೊಡುತ್ತಿದ್ದ ಗೋಧಿ ಹುಗ್ಗಿಯ ಮುಂದೆ ಎಲ್ಲಕ್ಕಿಂತ ಉದ್ದದ ಸಾಲು. ವೈನಿ ಸಾಲಿನಲ್ಲಿ ನಿಂತಳು. ನಾನು ಪ್ರತಿ ಮಳಿಗೆಯ ಮುಂದೆ ನಿಂತು, ಜನ ಏನು ಕೇಳುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಏನಾದರೂ ಕೊಳ್ಳುತ್ತಾರೆಯೇ ಎಂದು ನೋಡುತ್ತ ಹೋದೆ. ಮಳಿಗೆಯವರು ಕೊಟ್ಟ ಚೀಟಿಗಳ ಕಟ್ಟು ಕೈಯಲ್ಲಿ ಹಿಡಿದು ಎಲ್ಲರೂ ಮುಂದಕ್ಕೆ ಹೋಗುವವರೇ.

ಇಂಡಿಯಿಂದ ಬಂದ ಬಳೆಯವಳೊಬ್ಬಳು ನನ್ನನ್ನು ಗಮನಿಸಿರಬೇಕು. “ನೀವೂ ಮಳಗಿ ಹಾಕಾವ್ರೇನ್ರಿ?” ಎಂದಳು.

“ಹಾಕಬೇಕೋ ಬ್ಯಾಡೋ ತಿಳೀವಲ್ದು.”

“ನನಗೂ ತಿಳೀವಲ್ದ್ರಿ. ನಾಕು ವರ್ಷಾತು ಹಾಕಾಕತ್ತೇನಿ,” ಎಂದು ನಕ್ಕಳು. “ಒಂದ್ ವರ್ಷ ಬಳಿ ಸಾಲೂದಿಲ್ಲ. ಒಂದ್ ವರ್ಷ ಡಬ್ಬಿ ಸೈತ ಬಿಚ್ಚೂದಿಲ್ಲ.”

ಅವಳ ಪಕ್ಕದ್ದು ಮಂಟಪ ಶೃಂಗಾರದವರ ಮಳಿಗೆ. ಪ್ಲಾಸ್ಟಿಕ್ ಹೂವಿನ ಕಮಾನು, ಎರಡು ಕೆಂಪು ಕುರ್ಚಿ, ಅವುಗಳ ನಡುವೆ ಕಟ್ಟಿದ್ದ ಒಂದು ಅಂತರಪಟ. ಅದನ್ನು ದಾಟಿ ಎರಡು ಹೆಜ್ಜೆ ಹೋದವಳು ಹಿಂದಕ್ಕೆ ಬಂದೆ. ಬಲಗಡೆಯ ಗಿಳಿಯ ಕೊಕ್ಕು ಅರ್ಧ ಕೆಂಪು, ಅರ್ಧ ಕಿತ್ತಳೆ. ಕೆಂಪು ದಾರ ಮುಗಿದು, ಅದೇ ಬಣ್ಣ ಸಿಗದೆ, ನಾನೇ ಕಿತ್ತಳೆ ದಾರದಲ್ಲಿ ಮುಗಿಸಿದ ಕೊಕ್ಕು. ಅದು ಅಗರಖೇಡದ ಮನೆಯೊಂದಕ್ಕೆ ನಾನು ಮಾಡಿಕೊಟ್ಟ ಅಂತರಪಟ. ಕೆಳಗೆ ಹೆಸರುಗಳಿರಲಿಲ್ಲ. ಹೊಲಿಗೆ ಬಿಚ್ಚಿದ ಸಣ್ಣಸಣ್ಣ ತೂತುಗಳು ಬೆಳಕಿಗೆ ಕಾಣುತ್ತಿದ್ದವು. ಅವುಗಳ ಕೆಳಗೆ ಬೇಕಾದ ಹೆಸರು ಅಂಟಿಸಲು ಒಂದು ಪಟ್ಟಿ ಹಚ್ಚಿದ್ದರು. ಅಂಚಿಗೆ ಅರಿಸಿನ, ಒಂದು ಮೂಲೆಗೆ ಪಾಯಸದಂಥದ್ದೇನೋ ಬಿದ್ದ ಕಲೆ.

ಮಳಿಗೆಯ ಮಾಲೀಕ ಕನ್ನಡಕ ಹಣೆಗೇರಿಸಿಕೊಂಡ ನಡುವಯಸ್ಸಿನ ಮನುಷ್ಯ. ಇದು ನಿಮಗೆಲ್ಲಿ ಸಿಕ್ಕಿತು ಎಂದು ಕೇಳಿದೆ.

“ಲಗ್ನದವ್ರ ಕೊಟ್ರು ಅಕ್ಕಾರ. ಮುಗದ ಮ್ಯಾಲ ಅವ್ರೇನ್ ಮಾಡ್ತಾರ್ರಿ ಇದನ್ನ? ಬಾಡಗಿಗೆ ಬೇಕೇನ್ರಿ?”

“ಇದನ್ನ ಮಾಡಿದಾಕಿ ನಾನು.”

ಅವನು ನಾಚುತ್ತಾನೆ ಎಂದುಕೊಂಡಿದ್ದೆ. ಅವನಿಗೆ ನಿಜವಾಗಿ ಖುಷಿಯಾಯಿತು. ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ. “ಇಂಥಾ ವಸ್ತು ಟ್ರಂಕಿನಾಗ ಕೊಳೀಬೇಕೇನ್ರಿ? ಎಷ್ಟು ಲಗ್ನ ಕಂಡೈತಿ ಇದು. ಇನ್ನೆರಡು ಮಾಡಿಕೊಡ್ರಿ. ಹೆಸರು ಮಾತ್ರ ಹಾಕಬ್ಯಾಡ್ರಿ.”

ಚಹಾ ಕುಡಿಯದೆ ಎದ್ದೆ. ಆ ಮನೆಯವರ ಮೇಲೆ ಸಿಟ್ಟಾಗಬೇಕೋ, ಇವನ ಮೇಲೋ ತಿಳಿಯಲಿಲ್ಲ. ಕೊಟ್ಟ ಮೇಲೆ ಅದು ಅವರ ವಸ್ತು. ಬಾಡಿಗೆಗೆ ಬಿಡುವುದೂ ತಪ್ಪಲ್ಲ. ಆದರೂ ಆ ಹೆಸರುಗಳನ್ನು ಬಿಚ್ಚಲು ಯಾರೋ ಕೂತು ಎಷ್ಟು ಹೊತ್ತು ತೆಗೆದುಕೊಂಡಿರಬೇಕು ಎಂದೇ ಯೋಚಿಸುತ್ತಿದ್ದೆ. ವೈನಿ ಹುಗ್ಗಿಯ ಬಟ್ಟಲು ಹಿಡಿದು ಬಂದಾಗ, ಬಸ್ಸಿಗೆ ಹೊತ್ತಾಯಿತು ಎಂದೆ.

ವಾಪಸು ಬರುವ ಬಸ್ಸು ಹಿಪ್ಪರಗಿ ದಾಟುವ ಹೊತ್ತಿಗೆ ಮುದ್ದೇಬಿಹಾಳಕ್ಕೆ ‘ಬರುತ್ತೇನೆ’ ಎಂದು ಕಳಿಸಿಬಿಟ್ಟೆ. ಯೋಚಿಸಿ ತೆಗೆದುಕೊಂಡ ನಿರ್ಧಾರ ಅದು ಎಂದು ಯಾರಿಗೂ ಹೇಳಲಾರೆ. ನನ್ನ ಕೆಲಸ ಬೇರೆಯವರ ಕಮಾನಿನ ಕೆಳಗೆ ನೇತಾಡುವುದಕ್ಕಿಂತ ನನ್ನ ಕಣ್ಣೆದುರಿಗೇ ನೇತಾಡಲಿ ಎಂಬ ಹಟ ಅಷ್ಟೆ.

ಮುದ್ದೇಬಿಹಾಳದ ಮೇಳಕ್ಕೆ ಹೋಗಿ ನೋಡಿದರೆ, ಮೂಲೆ ಜಾಗ ಎಂದಿದ್ದು ಕೈತೊಳೆಯುವ ಕಡೆಯ ಮೂಲೆಯಾಗಿತ್ತು. ಪಕ್ಕಕ್ಕೆ ಹಣ್ಣಿನ ರಸದವರು, ಅವರ ಮಿಕ್ಸರ್ ನಿಲ್ಲುತ್ತಲೇ ಇರಲಿಲ್ಲ. ನನ್ನ ಬಳಿ ಇದ್ದ ಮೂರು ಮಾದರಿಗಳನ್ನು ಹಗ್ಗ ಕಟ್ಟಿ ತೂಗುಹಾಕಿದೆ. ನಮ್ಮೆಜಮಾನರು ರಜೆ ಹಾಕಿ ಬಂದಿದ್ದರು. ಮೊದಲ ದಿನ ಬಂದವರಲ್ಲಿ ಅರ್ಧ ಜನ “ಬಾಗಲ ಪರದಿ ಹೆಂಗ್ರಿ ಮೀಟರು?” ಎಂದು ಕೇಳಿದರು. ಕೆಲವರು ಗಿಳಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬಾಕೆ ಕೈ ತೊಳೆದು ಬಂದು ಬಟ್ಟೆಯ ತುದಿಗೇ ಒರೆಸಿಕೊಂಡಳು. ನಾನು ಕೂರುವುದು, ಏಳುವುದು, ಬಟ್ಟೆಯ ಮಡಿಕೆ ಸರಿಮಾಡುವುದು, ದೊಡ್ಡ ಬಾಗಿಲಿನ ತನಕ ಹೋಗಿ ಬರುವುದು. ಸಂಜೆಗೆ ನಮ್ಮ ಮಾಸ್ತರರು, “ನಾಳಿಗೆ ಬರೂದ ಬ್ಯಾಡೇನು?” ಎಂದು ಮೆಲ್ಲಗೆ ಕೇಳಿದರು. ಬರೋಣ ಎಂದೆ.

ಎರಡನೆಯ ದಿನ ಮಧ್ಯಾಹ್ನ ತಾಯಿ ಮಗಳು ಇಬ್ಬರು ಬಂದರು. ಮಗಳು ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಚುರುಕು ಮಾತಿನವಳು. ತಾಯಿಗೆ ಐವತ್ತರ ಆಚೀಚೆ ವಯಸ್ಸು. ಬೋಳು ಹಣೆ, ಬೂದು ಸೀರೆ. ಅವರು ಕುರ್ಚಿಯ ತುದಿಗೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಬಾಗಿಲ ಕಡೆಗೇ ನೋಡುತ್ತಿದ್ದರು. ಮಗಳು ಮೂರೂ ಮಾದರಿಗಳನ್ನು ತಿರುವಿ ಹಾಕಿ ಹೊಲಿಗೆ ನೋಡಿದಳು.

“ನಿಮ್ಮ ಮುಹೂರ್ತದ ಸೀರಿ ಯಾವ ಬಣ್ಣದ್ದು? ಅದಕ್ಕ ಹೊಂದೂ ಹಂಗ ಮಾಡ್ತೇನಿ,” ಎಂದೆ.

“ಲಗ್ನ ನಂದಲ್ರಿ,” ಎಂದಳು. “ಅವ್ವಂದು.”

ಮಿಕ್ಸರಿನ ಸದ್ದಿಗೆ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ತಾಯಿ ಚೀಲ ಗಟ್ಟಿಯಾಗಿ ಹಿಡಿದುಕೊಂಡರು.

“ನಾ ಬ್ಯಾಡಂದೇನ್ರಿ ಇಕಿಗೆ. ಇಂಡಿ ರಿಜಿಸ್ಟರ್ ಆಫೀಸಿಗೆ ಹೋಗಿ ಸಹಿ ಮಾಡಿ ಬಂದ್ರ ಮುಗೀತು. ಈ ವಯಸ್ಸಿನಾಗ ಪರದಿ ಹಿಡದ್ರ ಮಂದಿ ನಗೂದಿಲ್ಲೇನ್ರಿ? ನೀವ ಹೇಳ್ರಿ.”

ನಗುವುದಿಲ್ಲ ಎಂದುಬಿಡಬಹುದಿತ್ತು. “ನನಗ ಗೊತ್ತಿಲ್ರಿ ಅಕ್ಕಾರ. ಕೆಲವ್ರು ನಗಬೌದು,” ಎಂದೆ. ಮಾಸ್ತರರು ನನ್ನನ್ನು ಓರೆಗಣ್ಣಿನಿಂದ ನೋಡಿದರು. ಬಂದ ಒಬ್ಬ ಗಿರಾಕಿಯನ್ನೂ ಕಳೆದುಕೊಂಡೆ ಎಂದುಕೊಂಡಿರಬೇಕು.

ಆದರೆ ಆಕೆ ಮೊದಲ ಬಾರಿಗೆ ನನ್ನತ್ತ ತಿರುಗಿ ಸರಿಯಾಗಿ ನೋಡಿದರು. ತಾಂಬಾದಲ್ಲಿ ಅಂಗನವಾಡಿ ಶಿಕ್ಷಕಿಯಂತೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮದುವೆಯಾಗುವವರು ಮನಗೂಳಿಯವರು, ಪೋಸ್ಟ್ ಆಫೀಸಿನಿಂದ ನಿವೃತ್ತರು, ಅವರಿಗೂ ಹೆಂಡತಿ ಇಲ್ಲ. ಮಗಳೇ ಮುಂದೆ ನಿಂತು ಎಲ್ಲ ಮಾತಾಡಿ ಮುಗಿಸಿದ್ದಳು. ಇಷ್ಟನ್ನೂ ಹೇಳಿ, ಆಕೆ ಎದ್ದು ಬಂದು ನೀಲಿ ಬಟ್ಟೆಯ ಕಸೂತಿಯ ಮೇಲೆ ಬೆರಳಾಡಿಸಿದರು.

“ಮದ್ಲಿನ ಲಗ್ನದಾಗ ತಲಿ ಎತ್ತಬ್ಯಾಡ ಅಂದಿದ್ರು. ಎದುರಿಗೆ ಹಿಡದಿದ್ದು ಎಂಥಾ ಬಟ್ಟಿ ಅನ್ನೂದೂ ನಾ ನೋಡಲಿಲ್ರಿ,” ಎಂದರು. ಆಮೇಲೆ ಮಗಳಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಹಸರು ಬಣ್ಣ ಆಗ್ತೈತೇನ್ರಿ?” ಎಂದು ಕೇಳಿದರು.

ಆಗುತ್ತದೆ ಎಂದೆ.

ಮೇಳದಿಂದ ನನಗೆ ಸಿಕ್ಕ ಕೆಲಸ ಅದೊಂದೇ. ಮಳಿಗೆಯ ಬಾಡಿಗೆಯೂ ಹುಟ್ಟಲಿಲ್ಲ. ಹಗ್ಗ ಬಿಚ್ಚುವಾಗ ಮಂಟಪದ ಮಾಲೀಕರು ಬಂದು ಹೇಗಾಯಿತು ಎಂದು ವಿಚಾರಿಸಿದರು. “ಆತ್ರಿ,” ಎಂದೆ. ಹಾಗೆಂದರೆ ಏನೆಂದು ನನಗೇ ಗೊತ್ತಿರಲಿಲ್ಲ.

ಮದುವೆ ಹತ್ತಿರವಿದ್ದುದರಿಂದ ಬೇರೆಲ್ಲ ಬದಿಗಿಟ್ಟು ಹಸಿರು ಖಣ ತಂದು ಕೂತೆ. ಮುಗಿಸಿದ ಮೇಲೆ ಬೇರೆಯವರ ಕೈಯಲ್ಲಿ ಕಳಿಸಲು ಮನಸ್ಸಾಗದೆ ಲಗ್ನದ ದಿನವೇ ಸಿಂದಗಿಗೆ ಹೋಗಿ, ವೈನಿಯನ್ನು ಕರೆದುಕೊಂಡು ತಾಂಬಾಕ್ಕೆ ಹೋದೆ. ಕೊಟ್ಟು ಬಂದುಬಿಡುವ ವಿಚಾರವಿತ್ತು.

ಬೆಳಗ್ಗೆ ಇಂಡಿಯಲ್ಲಿ ಸಹಿಯಾಗಿತ್ತು. ಮನೆಯಂಗಳದಲ್ಲಿ ನೆರೆಯ ನಾಲ್ಕಾರು ಹೆಂಗಸರು, ಮನಗೂಳಿಯಿಂದ ವರನ ತಂಗಿ, ಆಕೆಯ ಗಂಡ, ಒಬ್ಬರು ಭಟ್ಟರು. ಬರುತ್ತೇನೆಂದಿದ್ದ ವಧುವಿನ ತಮ್ಮ ಬಂದಿರಲಿಲ್ಲ. ಮಗಳು ನಾಲ್ಕೈದು ಸಲ ಬಾಗಿಲಿಗೆ ಹೋಗಿ ಬಂದಳು. ಅವಳ ಮುಖ ಕೆಂಪಾಗಿತ್ತು. ಕೊನೆಗೆ ಭಟ್ಟರು, “ಮುಹೂರ್ತ ಮೀರ್ತದವ್ವ. ಆಕಡಿ ತುದಿ ಹಿಡಿಯಾವ್ರು ಯಾರು?” ಎಂದರು.

ವೈನಿ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು.

ಒಂದು ತುದಿಗೆ ಮಗಳು, ಇನ್ನೊಂದು ತುದಿಗೆ ನಾನು. ಮಂಗಳಾಷ್ಟಕ ಅಷ್ಟು ಉದ್ದವೆಂದು ನಿಂತು ಹಿಡಿದಾಗಲೇ ಗೊತ್ತಾದದ್ದು. ನಾನು ನಿಂತ ಜಾಗದಿಂದ ಬಟ್ಟೆಯ ಎರಡೂ ಬದಿ ಕಾಣುತ್ತಿತ್ತು. ಅತ್ತ ಅವರು, ಹೊಸ ಧೋತರದ ನಿರಿಗೆಯನ್ನು ಮತ್ತೆಮತ್ತೆ ಸರಿಮಾಡಿಕೊಳ್ಳುತ್ತಿದ್ದರು. ಇತ್ತ ಆಕೆ ತಲೆ ಎತ್ತಿ ಬಟ್ಟೆಯನ್ನು ನೋಡುತ್ತಿದ್ದರು. ಮೇಲಿನ ಅಂಚಿನಿಂದ ಕೆಳಗಿನ ತನಕ, ಅವಸರವಿಲ್ಲದೆ. ಅಕ್ಷತೆ ಬಿದ್ದಾಗಲೂ ಕಣ್ಣು ತೆಗೆಯಲಿಲ್ಲ. ಪರದೆ ಸರಿಸಿರಿ ಎಂದು ಭಟ್ಟರು ಎರಡು ಸಲ ಹೇಳಬೇಕಾಯಿತು, ನಾನು ಕೇಳಿಸಿಕೊಂಡಿರಲಿಲ್ಲ.

ಯಾರೂ ನಗಲಿಲ್ಲ. ಊಟಕ್ಕೆ ಗೋಧಿ ಬೆಲ್ಲದ ಮಾದಲಿ ಮಾಡಿದ್ದರು. ತಮ್ಮ ಬರಲೇ ಇಲ್ಲ.

ತಿಂಗಳೊಳಗೆ ಆ ವರನ ತಂಗಿ ನಮ್ಮ ಮನೆ ಹುಡುಕಿಕೊಂಡು ಬಂದರು, ಮಗಳ ಲಗ್ನಕ್ಕೆ ಅಂತರಪಟ ಬೇಕೆಂದು. ಆಮೇಲೆ ತಾಂಬಾದ ನೆರೆಮನೆಯವರೊಬ್ಬರು ಹೇಳಿಕಳಿಸಿದರು. ಮೇಳದಲ್ಲಿ ನನ್ನ ಫೋನ್ ನಂಬರಿನ ಚೀಟಿ ಒಯ್ದವರಲ್ಲಿ ಒಬ್ಬರೂ ಫೋನ್ ಮಾಡಲಿಲ್ಲ. ಮಾಸ್ತರರು ಇದನ್ನೇ ಹಿಡಿದು, ನೋಡು, ನಿನ್ನ ಕೆಲಸ ಮೊದಲಿನ ಹಾಗೆ ಬಾಯಿಂದ ಬಾಯಿಗೇ ನಡೆಯುತ್ತದೆ, ಮಳಿಗೆಯಿಂದ ಏನೂ ಆಗಲಿಲ್ಲ ಎನ್ನುತ್ತಾರೆ. ಮಳಿಗೆ ಇಲ್ಲದಿದ್ದರೆ ತಾಂಬಾದವರು ನನಗೆ ಸಿಗುತ್ತಿದ್ದರೇ ಎಂದು ನಾನು ಕೇಳುತ್ತೇನೆ.

ಮೊನ್ನೆ ಮುದ್ದೇಬಿಹಾಳದಿಂದ ಮತ್ತೆ ಫೋನ್ ಬಂತು. ಈ ವರ್ಷ ಮೇಳ ಇನ್ನೂ ದೊಡ್ಡದಂತೆ, ಬಾಡಿಗೆಯೂ ಏರಿದೆಯಂತೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಇಟ್ಟೆ. ಆಗಿನಿಂದ ಎರಡು ಹೊಲಿಗೆ ಹಾಕುತ್ತೇನೆ, ಎದ್ದು ಬಾಗಿಲಿಗೆ ಹೋಗುತ್ತೇನೆ.